265 ರೂಪಾಯಿಯ ಶಾಲೆ ಬೂಟು: ಮೂರು ವರ್ಷ ಖರೀದಿ ಮಾಡಿದವಳ ಅನುಭವ

ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅವಧಿ ಮುಗಿಯಿತು. ಹೊಸ ಸಮಿತಿಯವರಿಗೆ ಲೆಕ್ಕದ ಪುಸ್ತಕ ಕೊಡುವ ದಿನ ಹೆಡ್ ಮಾಸ್ತರು, "ಅಕ್ಕಾರ, ಮೂರು ವರ್ಷ ಬೂಟ್ ತಂದೀರಿ. ಏನೇನು ನೋಡಿ ತರಬೇಕು ಅಂತ ಇವರಿಗೊಂದಿಷ್ಟು ಬರದು ಕೊಡ್ರಿ" ಅಂದರು. ಬರೆಯುತ್ತಾ ಕೂತಾಗ ಇದು ನಮ್ಮ ಶಾಲೆಯೊಂದಕ್ಕೇ ಅಲ್ಲ, ಎಲ್ಲಾ ಊರಿನವರಿಗೂ ಬೇಕಾದ ವಿಷಯ ಅನ್ನಿಸಿತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಊರು ಬೆಳಗಾವಿ ತಾಲೂಕು. ನಮ್ಮದು ಒಂದರಿಂದ ಏಳನೇ ತರಗತಿವರೆಗಿನ ಸರ್ಕಾರಿ ಕನ್ನಡ ಶಾಲೆ. ನಾನು ಸಮಿತಿಗೆ ಬಂದದ್ದು 2022ರಲ್ಲಿ. ದಾರ, ಸೂಜಿ, ಹೊಲಿಗೆ ಗೊತ್ತಿರುವವಳು ಅಂತ ಬೂಟು ಖರೀದಿಗೆ ನನ್ನನ್ನು ಹಾಕಿದರು.

ಸರ್ಕಾರ ವರ್ಷಕ್ಕೆ ಒಂದು ಸಲ ಮಗುವಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಸಾಕ್ಸ್ ಕೊಡುತ್ತದೆ. 2015-16ರಲ್ಲಿ ಶುರುವಾದ ಯೋಜನೆ ಇದು. ದುಡ್ಡು ಶಾಲೆಯ ಖಾತೆಗೆ ಬರುತ್ತದೆ, ಖರೀದಿ ನಾವೇ ಮಾಡಬೇಕು. ಒಂದರಿಂದ ಐದನೇ ತರಗತಿ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ನಾನಿದ್ದ ಮೂರೂ ವರ್ಷ ಇದೇ ದರ. ನಮ್ಮಲ್ಲಿ ಮೊದಲ ವರ್ಷ 118 ಮಕ್ಕಳಿದ್ದರು. ಐದರವರೆಗೆ 74, ಆರು ಏಳರಲ್ಲಿ 44. ಒಟ್ಟು 32,590 ರೂಪಾಯಿ.

ಕೊರೋನಾದ ಎರಡು ವರ್ಷ ಬೂಟು ಇರಲಿಲ್ಲ. 2022ರ ಜುಲೈನಲ್ಲಿ ಸರ್ಕಾರ ಇಡೀ ರಾಜ್ಯಕ್ಕೆ 132 ಕೋಟಿ ರೂಪಾಯಿ ಮಂಜೂರು ಮಾಡಿತು. ಹಾಗಾಗಿ ನಾನು ಅಳತೆಗೆ ಕೂತಾಗ ಸಣ್ಣ ತರಗತಿಯ ಸುಮಾರು ಮಕ್ಕಳು ಹುಟ್ಟಿದಾಗಿಂದ ಬೂಟೇ ಹಾಕಿರಲಿಲ್ಲ. ಕೆಲವು ಕಡೆ ಮಗುವಿನ ವಯಸ್ಸು ನೋಡಿ ಅಂದಾಜಿಗೆ ನಂಬರ್ ಬರೆದು ಅಂಗಡಿಗೆ ಕಳಿಸುತ್ತಾರೆ. ನನಗೆ ಅದು ಸರಿ ಬರಲಿಲ್ಲ. ಬ್ಲೌಸಿಗೆ ಯಾರಾದರೂ ವಯಸ್ಸು ನೋಡಿ ಅಳತೆ ಹಾಕುತ್ತಾರಾ? ಹಳೇ ಪೇಪರ್ ಹಾಸಿ, ಒಂದೊಂದೇ ಮಗುವನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದೆ.

ಆವಾಗ ಒಂದು ವಿಷಯ ಗೊತ್ತಾಯಿತು. ನಮ್ಮ ಹಳ್ಳಿ ಮಕ್ಕಳ ಪಾದ ಮುಂದಕ್ಕೆ ಅಗಲ. ಬರಿಗಾಲಲ್ಲಿ ಗದ್ದೆ, ಬದು ಓಡಾಡಿದ ಕಾಲು, ಬೆರಳುಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಅಂಗಡಿಯ ಬೂಟು ಉದ್ದ ಸರಿ ಇದ್ದರೂ ಮುಂದೆ ಚೂಪು. ನಾಲ್ಕನೇ ತರಗತಿಯ ಒಬ್ಬಳು ಹುಡುಗಿ ಪೇಪರ್ ಮೇಲೆ ಕಾಲಿಟ್ಟವಳೇ ಬೆರಳು ಒಳಗೆ ಮಡಚಿಕೊಂಡಳು. "ಬಿಡವ್ವಾ, ಬೆರಳು ಚಾಚು" ಅಂದೆ. "ಚಾಚಿದ್ರ ಬೂಟಿನ್ಯಾಗ ಹೋಗಂಗಿಲ್ರೀ" ಅಂದಳು. ಅಕ್ಕನ ಹಳೇ ಬೂಟು ಹಾಕಿ ಅದೇ ರೂಢಿ ಆಗಿತ್ತು ಅವಳಿಗೆ.

ಬೆಳಗಾವಿಯ ಖಡೇಬಜಾರ್ ಕಡೆ ಹೋಗಿ ಮೂರು ಅಂಗಡಿಯಲ್ಲಿ ಕೊಟೇಷನ್ ತಗೊಂಡೆವು. ಒಬ್ಬ ಅಂಗಡಿಯವರು ಕ್ಯಾಲ್ಕುಲೇಟರ್ ನಮ್ಮ ಮುಂದೆ ಇಟ್ಟೇ ಲೆಕ್ಕ ಹಾಕಿ ತೋರಿಸಿದರು. "ಅಕ್ಕಾರ, ನಾ ಸುಳ್ಳು ಹೇಳೂದಿಲ್ಲ. 265 ಅಂದ್ರ ಟ್ಯಾಕ್ಸ್ ಸೇರಿ. ಸಾಕ್ಸ್ ಎರಡು ಜೋಡಿ ಕೊಡಬೇಕು. ಬೂಟಿಗೆ ಏನು ಉಳೀತೈತಿ, ನೀವ ಹೇಳ್ರಿ" ಅಂದರು. 2022ರ ಜನವರಿ 1ರಿಂದ ಸಾವಿರ ರೂಪಾಯಿ ಒಳಗಿನ ಪಾದರಕ್ಷೆಗೂ ಜಿಎಸ್‌ಟಿ ಶೇ 5ರಿಂದ ಶೇ 12 ಆಗಿತ್ತು. 265ರಲ್ಲಿ 28 ರೂಪಾಯಿ ಅದಕ್ಕೇ ಹೋಯಿತು. ಸಾಕ್ಸಿಗೆ 40 ತೆಗೆದರೆ ಉಳಿಯೋದು 197. ಅದರಲ್ಲೇ ಅಂಗಡಿಯವರ ಲಾಭ, ಅವರಿಗೆ ಮಾಲು ತರುವ ಖರ್ಚು. ಹಾಗಾದರೆ ಬೂಟು ತಯಾರಾಗಿದ್ದು ಎಷ್ಟಕ್ಕೆ? (2025ರ ಸೆಪ್ಟೆಂಬರ್ 22ರಿಂದ ಅದೇ ತೆರಿಗೆ ಮತ್ತೆ ಶೇ 5ಕ್ಕೆ ಇಳಿದಿದೆ. ಹೊಸ ಸಮಿತಿಯವರು ಖರೀದಿಗೆ ಹೋದಾಗ ಬಿಲ್ಲಿನಲ್ಲಿ ಇದನ್ನು ತಪ್ಪದೇ ನೋಡಬೇಕು. ಒಂದು ಜೊತೆ ಬೂಟಿಗೆ 15 ರೂಪಾಯಿಯಷ್ಟು ವ್ಯತ್ಯಾಸ ಬರುತ್ತದೆ.)

ಮೊದಲ ವರ್ಷ ತಂದ ಬೂಟಿನ ಬಗ್ಗೆ ಹೇಳುತ್ತೇನೆ. ನೋಡೋಕೆ ಚೆನ್ನಾಗಿತ್ತು, ಮಿಂಚುತ್ತಿತ್ತು. ಮಕ್ಕಳಿಗೆ ಹಂಚಿದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ಶಾಲೆ ಶುರುವಾಗಿ ಮೂರು ತಿಂಗಳು ದಾಟಿತ್ತು, ಮಳೆಗಾಲ ಮುಗಿಯುತ್ತಾ ಬಂದಿತ್ತು. ದೀಪಾವಳಿ ಹೊತ್ತಿಗೆ ನನ್ನ ಮಗ ಬಂದು, "ಅವ್ವಾ, ಬೂಟ್ ಬಾಯಿ ತಗದಾವ" ಅಂದ. ಹೆಬ್ಬೆರಳಿನ ಹತ್ತಿರ ಅಟ್ಟೆ ಬಿಟ್ಟಿತ್ತು. ಹೊಲಿದರಾಯಿತು ಅಂತ ಕೈಗೆ ತಗೊಂಡೆ. ಅಟ್ಟೆಯ ಅಂಚಿಗೆ ಸುತ್ತಲೂ ಬಿಳಿ ಹೊಲಿಗೆ ಇತ್ತು. ಸೂಜಿ ಹಾಕಿ ಒಂದು ಟಾಕಿ ಎಬ್ಬಿಸಲು ನೋಡಿದೆ. ಏಳಲಿಲ್ಲ. ಕಣ್ಣ ಹತ್ತಿರ ಹಿಡಿದು ನೋಡಿದರೆ ಅದು ದಾರವೇ ಅಲ್ಲ. ರಬ್ಬರಿನಲ್ಲೇ ಹೊಲಿಗೆಯ ಹಾಗೆ ಅಚ್ಚು ಹಾಕಿ ಬಣ್ಣ ಬಳಿದಿದ್ದರು. ಇಡೀ ಬೂಟು ಅಂಟಿನ ಮೇಲೇ ನಿಂತಿತ್ತು. ಒಳಗಿನ ಅಟ್ಟೆ ರಟ್ಟಿನದು. ಒಮ್ಮೆ ನೆನೆದರೆ ಹಪ್ಪಳದ ಹಾಗೆ ಉಬ್ಬಿ, ಒಣಗಿದ ಮೇಲೆ ಪುಡಿಪುಡಿ. ಇಪ್ಪತ್ತು ವರ್ಷ ಹೊಲಿಗೆ ಮಾಡಿದ ನಾನು ಅಂಗಡಿಯಲ್ಲಿ ಅದನ್ನು ಕಾಣದೇ ಹೋದೆನಲ್ಲ ಅಂತ ಆ ರಾತ್ರಿ ತುಂಬಾ ಬೇಜಾರಾಯಿತು.

ಒಂದು ವರ್ಷದ ಗ್ಯಾರಂಟಿ ಬರೆಸಿಕೊಂಡಿದ್ದೆವು. ಕಿತ್ತುಹೋದ ಬೂಟು ಚೀಲದಲ್ಲಿ ಹಾಕಿಕೊಂಡು ಎರಡು ಸಲ ಬಸ್ಸಿನಲ್ಲಿ ಹೋದೆ. 23 ಜೊತೆ ಬದಲಿ ಕೊಟ್ಟರು. ಉಳಿದವು ಮಕ್ಕಳು ಹಾಳು ಮಾಡಿದ್ದು ಅಂದರು. ಜನವರಿ 26ರ ಧ್ವಜಾರೋಹಣಕ್ಕೆ ಸಾಲು ನಿಂತ ಮಕ್ಕಳನ್ನು ಎಣಿಸಿದೆ. 118ರಲ್ಲಿ 41 ಮಕ್ಕಳ ಕಾಲಲ್ಲಿ ಮಾತ್ರ ನಾವು ಕೊಟ್ಟ ಬೂಟು ಇತ್ತು.

ಎರಡನೇ ವರ್ಷ ಸ್ಯಾಂಡಲ್ ತಂದೆವು. ಊರಿನ ಹವಾಮಾನ ನೋಡಿ ಬೂಟಿನ ಬದಲು ಸ್ಯಾಂಡಲ್ ಕೊಡಬಹುದು ಅಂತ ನಿಯಮದಲ್ಲೇ ಇದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ದಾರಿ ತುಂಬಾ ಕೆಸರು. ಸ್ಯಾಂಡಲ್ ತೊಳೆದರೆ ಒಣಗುತ್ತದೆ, ಅಗಲ ಪಾದಕ್ಕೂ ಸರಿ. ಬಾಳಿಕೆಗೆ ಹೇಳುವುದಾದರೆ ಅದೇ ದುಡ್ಡಿಗೆ ಬೂಟಿಗಿಂತ ಸ್ಯಾಂಡಲ್ ಎಷ್ಟೋ ಮೇಲು. ಆದರೆ ಪಾಲಕರ ಸಭೆಯಲ್ಲಿ ಒಬ್ಬರು ಅಣ್ಣಾರು ಎದ್ದು ನಿಂತು, "ಇಂಗ್ಲಿಷ್ ಶಾಲಿ ಗಾಡಿ ನಮ್ಮ ಮನಿ ಮುಂದ ನಿಲ್ತೈತಿ. ಆ ಹುಡುಗ್ರ ಕಾಲಾಗ ಬೂಟ್. ನನ್ನ ಮಗಳು ಚಪ್ಪಲ್ ಹಾಕ್ಕೊಂಡು ಬಾಜೂಕ ನಿಲ್ಲಬೇಕೇನ್ರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಜೂನ್‌ನಲ್ಲಿ ಆ ಮಗುವೂ ಅದೇ ಗಾಡಿ ಹತ್ತಿತು. ಬೂಟಿಗಾಗಿಯೇ ಹೋಯಿತು ಅಂತ ಹೇಳೋಕಾಗಲ್ಲ. ಐದು ಶಿಕ್ಷಕರ ಜಾಗದಲ್ಲಿ ಇಬ್ಬರು ಅತಿಥಿ ಶಿಕ್ಷಕರು, ಒಂದು ಕೋಣೆಯ ಹಂಚು ಸೋರುತ್ತಿತ್ತು, ಕಾರಣ ಬಹಳ ಇದ್ದವು. ಆದರೂ ಅವರ ಮಾತು ಮನಸ್ಸಿನಿಂದ ಹೋಗಲಿಲ್ಲ.

ಮೂರನೇ ವರ್ಷ ಒಂದು ನಿರ್ಧಾರ ಮಾಡಿದೆವು. ಊರಿನ ಹಳೇ ವಿದ್ಯಾರ್ಥಿಗಳನ್ನು, ಹೊರಗೆ ಕೆಲಸಕ್ಕೆ ಹೋದವರನ್ನು ಕೇಳಿದೆವು. ಒಂದು ಜೊತೆಗೆ 85 ರೂಪಾಯಿ ಸೇರಿಸಿದರು. ಹತ್ತು ಸಾವಿರದ ಹತ್ತಿರ ದುಡ್ಡು ಆಯಿತು. ಸಣ್ಣ ಮಕ್ಕಳ ಬೂಟಿಗೆ 350 ಆಯಿತು. ಈ ಸಲ ಸೂಜಿ ಜೊತೆಗೇ ತಗೊಂಡು ಹೋಗಿದ್ದೆ. ಅಂಚಿನ ಟಾಕಿಗೆ ಸೂಜಿ ಹಾಕಿದರೆ ದಾರ ಎದ್ದು ಬಂತು. ಒಳಗೆ ರಟ್ಟು ಇಲ್ಲ, ಒತ್ತಿದರೆ ಮೆತ್ತಗೆ. ಮುಂದೆ ಅಗಲ. ಸಣ್ಣವರಿಗೆ ಲೇಸ್ ಬದಲು ಅಂಟುಪಟ್ಟಿ. ಆ ಜನವರಿ 26ಕ್ಕೆ 112 ಮಕ್ಕಳಲ್ಲಿ 97 ಜನ ಅದೇ ಬೂಟಲ್ಲಿ ನಿಂತಿದ್ದರು. ಏಪ್ರಿಲ್ ಪರೀಕ್ಷೆಗೂ ಹಾಕಿಕೊಂಡು ಬಂದರು.

ಬಾಯಿ ಬಿಡುವ ಬೂಟಿಗೂ ವರ್ಷ ಬಾಳುವ ಬೂಟಿಗೂ ನಡುವೆ ಇರುವುದು 85 ರೂಪಾಯಿ. ನಾನು ಹೇಳಬೇಕಾದದ್ದು ಇದೇ. ಇದು ಅಂಗಡಿಯವರದೊಂದೇ ತಪ್ಪಲ್ಲ, ಹೆಡ್ ಮಾಸ್ತರರದಂತೂ ಅಲ್ಲವೇ ಅಲ್ಲ. ದರ ಬರೆದವರು ಅದನ್ನು ಮತ್ತೆ ತೆರೆದು ನೋಡಲಿಲ್ಲ. ರಬ್ಬರ್, ಕೂಲಿ, ಬಸ್ ಚಾರ್ಜ್ ಎಲ್ಲಾ ಏರಿತು, ತೆರಿಗೆಯೂ ಏರಿತ್ತು. ದರ ಮಾತ್ರ ಅಲ್ಲೇ.

ಲೆಕ್ಕ ಹಾಕಿ ನೋಡಿ. 2022ರ 132 ಕೋಟಿಯನ್ನು ತಲೆಗೆ ಸುಮಾರು 290ರಂತೆ ಹಂಚಿದರೆ 45 ಲಕ್ಷ ಮಕ್ಕಳು. ಎಲ್ಲರಿಗೂ 85 ರೂಪಾಯಿ ಹೆಚ್ಚಿಗೆ ಕೊಟ್ಟರೆ 38 ಕೋಟಿ ಚಿಲ್ಲರೆ. 2025-26ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ. ಸಾವಿರಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ. ಅದರಲ್ಲಿ ಹೆಚ್ಚಿನದು ಸಂಬಳಕ್ಕೆ ಹೋಗುತ್ತದೆ, ಹೋಗಲೇಬೇಕು, ನನಗೂ ಗೊತ್ತು. ಆದರೂ 38 ಕೋಟಿ ಹುಡುಕಲಾರದಷ್ಟು ದೊಡ್ಡದಲ್ಲ.

ಮೊಟ್ಟೆಯ ವಿಷಯವೂ ಹೀಗೇ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಅದು ನಿಜವಾಗಿ ದೊಡ್ಡ ಕೆಲಸ, ಮಕ್ಕಳ ಮುಖದಲ್ಲೇ ಕಾಣುತ್ತದೆ. ಆದರೆ ಒಂದು ಮೊಟ್ಟೆಗೆ ಲೆಕ್ಕ ಆರು ರೂಪಾಯಿ. ಚಳಿಗಾಲದಲ್ಲಿ ಅಂಗಡಿಯಲ್ಲಿ ಏಳಾದಾಗ ಆ ಒಂದು ರೂಪಾಯಿಯನ್ನು ನಮ್ಮ ಹೆಡ್ ಮಾಸ್ತರು ಜೇಬಿನಿಂದ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಪಾಲಕರ ಹತ್ತಿರ ದುಡ್ಡು ಎತ್ತಿ ಅಂತ ಕೆಲವರು ಹೇಳುತ್ತಾರೆ. 2022ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಅಂತ ಇಲಾಖೆಯ ಸುತ್ತೋಲೆಯೇ ಬಂದಿತ್ತು. ವಿರೋಧ ಬಂದು ಕೆಲವೇ ದಿನದಲ್ಲಿ ವಾಪಸ್ ಆಯಿತು. ಒಳ್ಳೆಯದೇ ಆಯಿತು. ನಮ್ಮೂರಿಗೆ ದಾನಿಗಳು ಸಿಕ್ಕರು. ಪಕ್ಕದ ಊರಿಗೆ ಸಿಗಲಿಲ್ಲ. ಅಲ್ಲಿನ ಮಕ್ಕಳು ಹಳೇ ದರದ ಬೂಟಲ್ಲೇ ಇದ್ದಾರೆ. ಊರಿನವರ ಜೇಬು ನೋಡಿ ಮಗುವಿನ ಬೂಟು ತೀರ್ಮಾನ ಆಗಬಾರದು.

ಸುವರ್ಣ ವಿಧಾನಸೌಧ ನಮ್ಮೂರಿಗೆ ದೂರವೇನಲ್ಲ. ಹೆದ್ದಾರಿಗೆ ಬಂದರೆ ಬಿಳಿ ಕಟ್ಟಡ ಕಾಣುತ್ತದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ್ದು. ಡಿಸೆಂಬರ್ ಬಂದರೆ 224 ಶಾಸಕರು, 75 ಪರಿಷತ್ ಸದಸ್ಯರು ಇಲ್ಲಿಗೇ ಬರುತ್ತಾರೆ. ಆಗ ಹತ್ತಿರದ ಕೊಂಡಸಕೊಪ್ಪದಲ್ಲಿ ಪ್ರತಿಭಟನೆಗೆ ಹಾಕಿದ ಟೆಂಟುಗಳಲ್ಲಿ ಅತಿಥಿ ಶಿಕ್ಷಕರು, ಬಿಸಿಯೂಟದ ಅಕ್ಕಂದಿರು, 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೆ ಅನುದಾನ ಕೇಳುವವರು ಕೂರುತ್ತಾರೆ. ಅವರ ಕೇಳಿಕೆಗಳು ದೊಡ್ಡವು, ಎಲ್ಲವೂ ನ್ಯಾಯವಾದವು. ಬೂಟಿನ ದರಕ್ಕೆ ಟೆಂಟ್ ಹಾಕಿ ಕೂತವರನ್ನು ನಾನು ನೋಡಿಲ್ಲ. ಆ ಟೆಂಟ್ ಹಾಕಬೇಕಾದವರು ಎಂಟು ವರ್ಷದ ಮಕ್ಕಳು.

ಪರಿಷತ್ತಿನಲ್ಲಿ ಶಿಕ್ಷಕರಿಗೇ ಅಂತ ಏಳು ಸ್ಥಾನ ಇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೇರಿ ನಮ್ಮದು ವಾಯವ್ಯ ಶಿಕ್ಷಕರ ಕ್ಷೇತ್ರ. ಆದರೆ ಅಲ್ಲಿ ಮತ ಹಾಕುವವರು ಹೈಸ್ಕೂಲು, ಅದಕ್ಕಿಂತ ಮೇಲಿನ ಶಿಕ್ಷಕರು. ಪ್ರಾಥಮಿಕ ಶಾಲೆಯ ಮಾಸ್ತರು, ಟೀಚರುಗಳಿಗೆ ಆ ಮತ ಇಲ್ಲ, ಸಂವಿಧಾನದಲ್ಲೇ ಹಾಗಿದೆ. ಬೂಟು ಅತಿ ಹೆಚ್ಚು ಹಂಚುವ ಶಾಲೆಗಳ ದನಿ ಆ ಸ್ಥಾನಗಳಿಂದಲೂ ನೇರವಾಗಿ ಬರುವುದಿಲ್ಲ. ಹಾಗಾಗಿ ನಮ್ಮ ಕ್ಷೇತ್ರದ ಶಾಸಕರೇ ಇದನ್ನು ಎತ್ತಬೇಕು.

ಬಜೆಟ್ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆಗುತ್ತದೆ, ಈಗೇನು ಮಾಡೋದು ಅನ್ನುವವರಿಗೆ ಒಂದು ಮಾತು. ಹಿಂದಿನ ವರ್ಷಗಳಲ್ಲಿ ಡಿಸೆಂಬರ್ ಅಧಿವೇಶನದಲ್ಲಿ ಪೂರಕ ಅಂದಾಜು ಮಂಡನೆ ಆಗಿದೆ. ವರ್ಷದ ನಡುವೆ ಹೆಚ್ಚಿಗೆ ಬೇಕಾದ ದುಡ್ಡಿಗೆ ಸದನದ ಒಪ್ಪಿಗೆ ತಗೊಳ್ಳುವುದು ಅದರಲ್ಲೇ, ಇದೇ ಬೆಳಗಾವಿಯಲ್ಲಿ. ದರ ಏರಿಸಿ, ಮುಂದೆ ಪ್ರತಿ ವರ್ಷ ಬೆಲೆ ನೋಡಿ ಬದಲಿಸುವ ಹಾಗೆ ಮಾಡಿ, ದುಡ್ಡು ಏಪ್ರಿಲ್‌ನಲ್ಲೇ ಶಾಲೆಗೆ ಕಳಿಸಿ. ಮೇ ಕೊನೆಗೆ ಶಾಲೆ ತೆರೆಯುವ ದಿನ ಮಗುವಿನ ಕಾಲಲ್ಲಿ ಬೂಟು ಇರಬೇಕು. ಇದನ್ನೇ ಒಂದು ಹಾಳೆಯಲ್ಲಿ ಬರೆದು, ಮೂರು ವರ್ಷದ ಬಿಲ್ಲಿನ ಜೆರಾಕ್ಸ್ ಸೇರಿಸಿ ನಮ್ಮ ಶಾಸಕರ ಕಚೇರಿಗೆ ಕೊಟ್ಟು ಬಂದಿದ್ದೇನೆ. ನೀವೂ ನಿಮ್ಮ ಶಾಲೆಯ ಬಿಲ್ ಕೊಡಿ.

ಐದಕ್ಕೆ ಅಂಕ ಕೊಡಬೇಕು ಅಂದರೆ 265ರ ಬೂಟಿಗೆ ಒಂದೂವರೆ, ಸ್ಯಾಂಡಲ್‌ಗೆ ಮೂರು, 350ರ ಬೂಟಿಗೆ ನಾಲ್ಕು. ಯೋಜನೆಗೆ ಐದಕ್ಕೆ ಐದು. ಬರಿಗಾಲ ಮಗುವಿಗೆ ಬೂಟು ಕೊಡಬೇಕು ಅಂತ ಹೊಳೆದದ್ದೇ ಒಳ್ಳೆಯ ಮನಸ್ಸು.

ಹೊಸ ಸಮಿತಿಯವರಿಗೆ ಇನ್ನೆರಡು ಮಾತು. ಪಾದದ ಗೆರೆಗಿಂತ ಹೆಬ್ಬೆರಳಿನ ಅಗಲದಷ್ಟು ಉದ್ದ ಬಿಡಿ, ಮಕ್ಕಳ ಕಾಲು ದೀಪಾವಳಿಯೊಳಗೇ ಬೆಳೆಯುತ್ತದೆ. ಅಳತೆ ತಗೊಳ್ಳುವಾಗ ಮಗು ಎರಡೂ ಕಾಲ ಮೇಲೆ ಭಾರ ಹಾಕಿ ನಿಂತಿರಲಿ. ಬೂಟನ್ನು ನಡುವೆ ಮಡಚಿ ನೋಡಿ, ಅಂಟು ಬಿಡುವುದಿದ್ದರೆ ಅಲ್ಲೇ ಗೆರೆ ಬೀಳುತ್ತದೆ. ಪಾದದ ಗೆರೆ ಎಳೆದ ಪೇಪರಿನ ಕಟ್ಟು ಆಫೀಸ್ ಕೋಣೆಯ ಬೀರುವಿನಲ್ಲಿದೆ, ಹೆಸರು ಬರೆದಿದ್ದೇನೆ. ಖರೀದಿಗೆ ಹೋಗುವ ದಿನ ಹೇಳಿ, ನಾನೂ ಸೂಜಿ ತಗೊಂಡು ಬರುತ್ತೇನೆ.