ಕ್ರಾಸ್ ಸ್ಟಿಚ್, ಬಿಡಿಗೈ ಕಸೂತಿ, ಗವಂತಿ: ಮನಸ್ಸು ಯಾವುದರಲ್ಲಿ ನಿಲ್ಲುತ್ತದೆ?

ಸೂಜಿ ಹಿಡಿದರೆ ಮನಸ್ಸು ಹಗುರಾಗುತ್ತದೆ ಎಂದು ಹಲವರು ನನಗೆ ಹೇಳಿದ್ದರು. ಯಾವ ಹೊಲಿಗೆ ಹಾಕಿದರೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ದೀಪ ಆರಿಸಿದ ಮೇಲೂ ಹಗಲಿನ ಮಾತುಕತೆಯನ್ನು ತಲೆಯೊಳಗೆ ಮುಂದುವರಿಸುತ್ತಲೇ ಇರುವ ಸ್ವಭಾವ ನನ್ನದು. ಹಾಗಾಗಿ ಮಲಗುವ ಮುನ್ನ ಒಂದು ಗಂಟೆ ಮೊಬೈಲ್ ಬದಿಗಿಟ್ಟು ಹೊಲಿಯಬೇಕೆಂದು ನಿಶ್ಚಯಿಸಿದೆ. ಮೂರು ಬಗೆಯ ಕೈಕಸೂತಿಯನ್ನು, ಒಂದೊಂದಕ್ಕೆ ಸುಮಾರು ಎರಡು ತಿಂಗಳಿನಂತೆ ಮಾಡಿ ನೋಡಿದೆ. ಕೆಲಸ ಎಷ್ಟು ಚೆಂದ ಬಂತು ಎನ್ನುವುದಕ್ಕಿಂತ ಸೂಜಿ ಕೆಳಗಿಟ್ಟಾಗ ತಲೆ ಹೇಗಿತ್ತು ಎನ್ನುವುದೇ ಇಲ್ಲಿ ನನ್ನ ಅಳತೆಗೋಲು.

ಮೊದಲು ಕ್ರಾಸ್ ಸ್ಟಿಚ್. ಇದಕ್ಕೆ ಬಳಸುವ ಐಡಾ ಬಟ್ಟೆಯ ನೇಯ್ಗೆಯಲ್ಲೇ ಚೌಕಗಳಿರುತ್ತವೆ; 14 ಕೌಂಟ್ ಎಂದರೆ ಇಂಚಿಗೆ 14 ಚೌಕ. ಆರೆಳೆ ದಾರದಿಂದ ಎರಡೆಳೆ ಬಿಡಿಸಿಕೊಂಡು, ಮೊನೆ ಮೊಂಡಾದ 24ನೇ ನಂಬರ್ ಸೂಜಿಗೆ ಪೋಣಿಸಿದರೆ ಸಿದ್ಧತೆ ಮುಗಿಯಿತು. ಒಂದು ಸಾಲು ಪೂರ್ತಿ ಓರೆಗೆರೆ ಹಾಕುತ್ತ ಹೋಗುವುದು, ಬರುವಾಗ ಅವುಗಳ ಮೇಲೆ ಎದುರು ದಿಕ್ಕಿನ ಗೆರೆ ಹಾಕುತ್ತ ಬರುವುದು. ಮೇಲಿನ ಗೆರೆಗಳೆಲ್ಲ ಒಂದೇ ಕಡೆಗೆ ವಾಲಿರಬೇಕು ಎಂಬ ಒಂದು ನಿಯಮ ನೆನಪಿಟ್ಟರೆ ಸಾಕು. ವಾರದೊಳಗೆ ಕೈ ಪಳಗಿತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಒಂದೇ ಬಣ್ಣದ ಹಿನ್ನೆಲೆ ತುಂಬುವ ಕಡೆ ಕೈ ತನ್ನ ಪಾಡಿಗೆ ತಾನು ಸಾಗುತ್ತಿತ್ತು, ಮನಸ್ಸು ಕಚೇರಿಯ ಹಳೆಯ ವಾಗ್ವಾದಕ್ಕೆ ಎದ್ದು ಹೋಗಿರುತ್ತಿತ್ತು. ಎಷ್ಟೋ ರಾತ್ರಿ ಆರು ಸಾಲು ಮುಗಿದಿರುತ್ತಿತ್ತು, ಅದರ ಜೊತೆಗೆ ಆರು ಹೊಸ ಸಿಟ್ಟುಗಳೂ ಬೆಳೆದಿರುತ್ತಿದ್ದವು. ಆದರೆ ಮೈ ದಣಿದು, ಚಿಂತೆ ಮಾಡುವ ತ್ರಾಣವೂ ಉಳಿಯದ ದಿನಗಳಲ್ಲಿ ಇದರಷ್ಟು ಹಿತವಾದ ಹೊಲಿಗೆ ಇನ್ನೊಂದಿಲ್ಲ. ಮನೆಯವರೊಡನೆ ಮಾತನಾಡುತ್ತ ಮಾಡುವುದಕ್ಕೂ ಇದೇ ಸರಿ.

ಬಿಡಿಗೈ ಕಸೂತಿ ಎಂದು ನಾನು ಕರೆಯುತ್ತಿರುವುದು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಸರಪಳಿ ಹೊಲಿಗೆ, ಕಾಂಡದ ಹೊಲಿಗೆ, ಸ್ಯಾಟಿನ್ ಹೊಲಿಗೆಗಳಿಂದ ತುಂಬುವುದನ್ನು. ಮೂರರಲ್ಲಿ ಕಣ್ಣಿಗೆ ಹಬ್ಬ ಇದೇ. ಎಲೆಯ ನಡುನರಕ್ಕೆ ಒಂದೆಳೆ ಕಡುಹಸಿರು, ಅಂಚಿಗೆ ಎರಡೆಳೆ ತಿಳಿಹಸಿರು ಬಂದಾಗ ಆಗುವ ಸಂತೋಷ ದೊಡ್ಡದು. ಆದರೆ ಇಲ್ಲಿ ಸೂಜಿ ಎಲ್ಲಿ ಇಳಿಯಬೇಕೆಂದು ಬಟ್ಟೆ ಹೇಳುವುದಿಲ್ಲ, ಪ್ರತಿ ಸಲವೂ ನಾವೇ ತೀರ್ಮಾನಿಸಬೇಕು. ಸ್ಯಾಟಿನ್ ಹೊಲಿಗೆಯ ಒಂದು ಎಸಳನ್ನು ನಾನು ಮೂರು ಸಲ ಬಿಚ್ಚಿದೆ. ತುದಿಯಿಂದ ಶುರುಮಾಡಿದರೆ ದಾರ ಒಂದು ಕಡೆಗೆ ವಾಲುತ್ತದೆ. ನಡುವಿನಲ್ಲಿ ಮೊದಲ ದಾರ ಹಾಕಿ ಅಲ್ಲಿಂದ ಎರಡೂ ಬದಿಗೆ ಹೋದರೆ ಓರೆ ಒಂದೇ ಸಮನಾಗಿ ಉಳಿಯುತ್ತದೆ ಎಂದು ನಾಲ್ಕನೆಯ ಸಲಕ್ಕೆ ತಿಳಿಯಿತು. ಒಂದು ಗಂಟೆ ಎಂದು ಕುಳಿತದ್ದು ಎರಡೂವರೆ ಗಂಟೆಯಾಗುತ್ತಿತ್ತು. ಹೊತ್ತು ಹೋದದ್ದೇ ಗೊತ್ತಾಗದಷ್ಟು ಮುಳುಗುತ್ತಿದ್ದೆ, ನಿಜ. ಹಾಸಿಗೆಗೆ ಹೋದಾಗ ಮಾತ್ರ ಕಣ್ಣು ಮುಚ್ಚಿದರೆ ಬಣ್ಣಗಳು, ನಾಳೆ ಸರಿಪಡಿಸಬೇಕಾದ ಅಂಚುಗಳು. ಮುಳುಗುವುದೂ ತಣಿಯುವುದೂ ಒಂದೇ ಎಂದು ತಿಳಿದಿದ್ದೆ, ಎರಡೂ ಬೇರೆ ಎಂದು ಈ ಎರಡು ತಿಂಗಳಲ್ಲಿ ಮನವರಿಕೆಯಾಯಿತು. ಈಗ ಇದನ್ನು ರಜೆಯ ಬೆಳಿಗ್ಗೆಗೆ ಎತ್ತಿಟ್ಟಿದ್ದೇನೆ, ಹಗಲ ಬೆಳಕಿನಲ್ಲಿ ಬಣ್ಣವೂ ಸರಿಯಾಗಿ ಕಾಣುತ್ತದೆ. (ನೀರಿಗೆ ಹೋಗುವ ಪೆನ್ನಿನಲ್ಲಿ ಚಿತ್ರ ಬರೆದಿದ್ದರೆ ಮೊದಲು ತೊಳೆದು ಗುರುತು ಹೋಗಿಸಿ, ಆಮೇಲೆ ಇಸ್ತ್ರಿ ಮಾಡಿ. ಬಿಸಿ ತಗಲಿದರೆ ಗುರುತು ಬಟ್ಟೆಯಲ್ಲೇ ನಿಂತುಬಿಡಬಹುದು.)

ಕೊನೆಗೆ ಗವಂತಿ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆಗಳಿವೆ. ಇವಕ್ಕೆ ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ನವಿಲುಗಳನ್ನು ಮೂಡಿಸುತ್ತಾರೆ. ಗವಂತಿಯಲ್ಲಿ ದಾರದ ತುದಿಗೆ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮುಖ ಒಂದೇ ರೀತಿ ಕಾಣಬೇಕು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಹೋಗುವಾಗ ಅರ್ಧ ಗೆರೆ. ಬರುವಾಗ ಬಿಟ್ಟ ಜಾಗಗಳನ್ನು ತುಂಬಿದರೆ ಪೂರ್ತಿ ಗೆರೆ. ಹದಿನಾರನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್‌ಬೈನ್ ಬರೆದ ಭಾವಚಿತ್ರಗಳ ಕೊರಳಪಟ್ಟಿ, ತೋಳಂಚುಗಳಲ್ಲಿ ಇಂಥದೇ ಹೊಲಿಗೆ ಕಾಣುವುದರಿಂದ ಯುರೋಪಿನಲ್ಲಿ ಇದಕ್ಕೆ ಅವನ ಹೆಸರೇ ನಿಂತಿದೆ.

ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಪುಟ್ಟ ಗೋಪುರದಿಂದ ಶುರುಮಾಡಿದೆ. ದಾರಿಯಲ್ಲಿ ಕವಲು ಬಂದರೆ ಕವಲಿನ ತುದಿಯವರೆಗೆ ಹೋಗಿ, ಅಲ್ಲಿಂದ ತುಂಬುತ್ತ ಮರಳಿ, ಆಮೇಲೆ ಮುಂದುವರಿಯಬೇಕು. ಒಂದಕ್ಕೊಂದು ಕೂಡಿಕೊಂಡಿರುವ ಯಾವುದೇ ವಿನ್ಯಾಸದಲ್ಲಿ ಪ್ರತಿ ಗೆರೆಯನ್ನು ಎರಡು ಸಲ ನಡೆದರೆ ದಾರ ಹೊರಟ ಜಾಗಕ್ಕೇ ಬಂದು ಸೇರುವಂತೆ ದಾರಿ ಹಾಕಬಹುದು. ನಾನು ಕಾಗದದ ಮೇಲೆ ಬರೆದು ಪರೀಕ್ಷಿಸಿದೆ, ಪ್ರತಿ ಸಲವೂ ಸೇರಿತು. ಒಂದು ರಾತ್ರಿ ಮಾತ್ರ ಬಟ್ಟೆಯ ಮೇಲೆ ಸೇರಲಿಲ್ಲ. ಹಿಂತಿರುಗುವಾಗ ಬಲಗಡೆಯ ಮೂರನೇ ಮೆಟ್ಟಿಲು ಎಡಗಡೆಯದಕ್ಕಿಂತ ಒಂದೆಳೆ ಮೇಲಿತ್ತು. ಎಲ್ಲೋ ನಾಲ್ಕರ ಬದಲು ಐದು ಎಣಿಸಿದ್ದೆ. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಮೂವತ್ತರಷ್ಟು ಬಿಚ್ಚಿದೆ. ಬೇಸರವೇ ಆಗಲಿಲ್ಲ. ತಪ್ಪು ಎಲ್ಲಿದೆ ಎಂದು ಬಟ್ಟೆಯೇ ತೋರಿಸುತ್ತಿತ್ತು, ಚೆಂದವೋ ಅಲ್ಲವೋ ಎಂಬ ತರ್ಕಕ್ಕೆ ಅಲ್ಲಿ ಎಡೆಯಿರಲಿಲ್ಲ.

ನಿದ್ದೆ ಚೆನ್ನಾಗಿ ಬಂದದ್ದು ಈ ಎರಡು ತಿಂಗಳಲ್ಲೇ. ಒಂದು, ಎರಡು, ಮೂರು, ನಾಲ್ಕು ಎಂದು ಒಳಗೇ ಎಣಿಸುವಾಗ ಮಾತಿನ ಜಾಗವನ್ನು ಎಣಿಕೆಯೇ ಹಿಡಿದಿರುತ್ತದೆ, ಹಗಲಿನ ಮಾತುಕತೆಗೆ ಒಳಬರಲು ಸಂದೇ ಸಿಗುವುದಿಲ್ಲ. ಹಾಗೆಂದು ಬಿಡಿಗೈ ಕಸೂತಿಯಂತೆ ಪ್ರತಿ ಹೊಲಿಗೆಗೂ ಆಯ್ಕೆಯ ಹೊರೆಯಿಲ್ಲ. ಅಲ್ಲಲ್ಲಿ ಸೂಜಿಯನ್ನು ಕೈಬಿಟ್ಟರೆ ಅದು ದಾರದ ತುದಿಯಲ್ಲಿ ತೂಗುತ್ತ, ಗಿರಗಿರನೆ ತಿರುಗಿ, ನುಲಿ ಬಿಚ್ಚಿಕೊಂಡು ನಿಲ್ಲುತ್ತದೆ. ಆ ಕೆಲವು ಕ್ಷಣ ಅದನ್ನೇ ನೋಡುತ್ತ ಕೂರುವುದು ನನಗೆ ಬಹಳ ಇಷ್ಟ.

ಗವಂತಿಯ ಕಷ್ಟವೆಂದರೆ ಕಣ್ಣಿಗೆ. ತೆಳು ಹತ್ತಿ ಬಟ್ಟೆಯಲ್ಲಿ ಎಳೆ ಎಣಿಸುವುದು ರಾತ್ರಿಯ ಕೆಲಸವಲ್ಲ. ಉದ್ದ ಅಡ್ಡ ಎಳೆಗಳು ಸಮವಾಗಿದ್ದು ಇಂಚಿಗೆ 28ರ ಆಸುಪಾಸು ಇರುವ ಬಟ್ಟೆ ಹಿಡಿದ ಮೇಲೆ ನನಗೆ ಸಲೀಸಾಯಿತು. ಬಲಗೈಯಲ್ಲಿ ಹೊಲಿಯುವವರು ದೀಪವನ್ನು ಎಡಕ್ಕಿಟ್ಟುಕೊಳ್ಳಬೇಕು, ಇಲ್ಲವಾದರೆ ಕೈಯ ನೆರಳು ಎಣಿಸುವ ಎಳೆಯ ಮೇಲೇ ಬೀಳುತ್ತದೆ. ದಾರ ಮೊಣಕೈಯಿಂದ ಬೆರಳ ತುದಿಯಷ್ಟಿದ್ದರೆ ಸಾಕು, ಉದ್ದ ಹೆಚ್ಚಿದಷ್ಟೂ ಸಿಕ್ಕು. ನನ್ನಂತೆ ತಲೆಯೊಳಗೆ ಮಾತು ನಿಲ್ಲದವರು ಮೊದಲು ಗವಂತಿಯನ್ನೇ ಹಿಡಿಯಲಿ ಎಂಬುದು ನನ್ನ ಸಲಹೆ: ನಾಲ್ಕು ಮೆಟ್ಟಿಲಿನ ಒಂದು ಗೋಪುರ, ಬಿಳಿ ಬಟ್ಟೆ, ಕಡು ಬಣ್ಣದ ದಾರ. ಅದು ಒಂದೆರಡು ರಾತ್ರಿಯಲ್ಲಿ ಮುಗಿಯುತ್ತದೆ. ಮುಗಿದ ಕೂಡಲೇ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ.