ಸಂಬಳ ನಿಂತ ಖಾತೆಗೆ ಗೃಹಲಕ್ಷ್ಮಿ ದುಡ್ಡು ಬರುತ್ತಿದೆಯಾ? ಒಮ್ಮೆ ಪಾಸ್‌ಬುಕ್ ನೋಡಿ

ಕೊಡಗಿನ ರೆಸಾರ್ಟು, ಹೋಂಸ್ಟೇ, ಅಂಗಡಿಗಳಲ್ಲಿ ಕೆಲಸ ಮಾಡಿ ಬಿಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಲಸ ಬಿಟ್ಟ ಮೇಲೆ ಸಂಬಳದ ಖಾತೆ ಸುಮ್ನೆ ಮಲಗಿರುತ್ತದೆ ಅಂತ ನಂಬಬೇಡಿ. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕಿನವರು ಅದನ್ನು ಮಾಮೂಲಿ ಉಳಿತಾಯ ಖಾತೆಯಾಗಿ ಬದಲಾಯಿಸುತ್ತಾರೆ. ಹಲವು ಬ್ಯಾಂಕುಗಳಲ್ಲಿ ಅಲ್ಲಿಂದ ಮಿನಿಮಮ್ ಬ್ಯಾಲೆನ್ಸ್ ಲೆಕ್ಕ ಶುರು. ಇಲ್ಲದಿದ್ದರೆ ದಂಡ.

ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಹೌಸ್‌ಕೀಪಿಂಗ್‌ನಲ್ಲಿದ್ದೆ. ಮಳೆ ಹಿಡಿಯಿತು, ಗೆಸ್ಟ್‌ಗಳು ಬರುವುದು ನಿಂತಿತು, ನಮ್ಮಲ್ಲಿ ಹಲವರನ್ನು ಮನೆಗೆ ಕಳಿಸಿದರು. ಅದಕ್ಕೂ ಮೊದಲೇ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ನಮ್ಮ ಯಜಮಾನರ ಕಾಲು ಮುರಿದಿತ್ತು. ಮನೆಯಲ್ಲಿ ದುಡಿಯುವ ಕೈ ಎರಡೂ ನಿಂತವು. ಬೈಕ್ ಸಾಲದ ಕಂತು ಮಾತ್ರ ನನ್ನ ಖಾತೆಯಿಂದಲೇ ಹೋಗಬೇಕಿತ್ತು.

ಗೃಹಲಕ್ಷ್ಮಿಯ 2000 ರೂಪಾಯಿ ಬಂದಿದೆ ಅಂತ ಅಕ್ಕಪಕ್ಕದವರೆಲ್ಲ ಹೇಳಿದರು. ಎಟಿಎಂನಲ್ಲಿ ನೋಡಿದರೆ ನನ್ನ ಖಾತೆಯಲ್ಲಿ ಏನೂ ಇಲ್ಲ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಪ್ರಿಂಟ್ ಹಾಕಿಸಿದೆ. ಒಂದು ಪುಟದ ತುಂಬ ಬರೀ ಕಡಿತ. ‘ಎಎಂಬಿ ಚಾರ್ಜ್’, ಅಂದರೆ ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ, ಅದರ ಕೆಳಗೆ ಅದಕ್ಕೆ ಜಿಎಸ್‌ಟಿ. ಮುಂದಿನ ಸಾಲು ‘ಎಸಿಎಚ್ ರಿಟರ್ನ್’, ಅಂದರೆ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದದ್ದಕ್ಕೆ ದಂಡ, 590 ರೂಪಾಯಿ. ಅದೇ ತಿಂಗಳಲ್ಲಿ ಇನ್ನೊಂದು 590. ಬ್ಯಾಲೆನ್ಸ್ ಕಾಲಂನಲ್ಲಿ ಮೈನಸ್ ಚಿಹ್ನೆ. 2000 ಬಂದಿದ್ದು ನಿಜ, ಬಂದ ದಿನವೇ ಹಳೆಯ ದಂಡಗಳಿಗೆ ಹೋಗಿಬಿಟ್ಟಿತ್ತು. ಆ ದುಡ್ಡಲ್ಲಿ ಮಾತ್ರೆ ತರಬೇಕಿತ್ತು. ಕೌಂಟರಿನಲ್ಲಿದ್ದವರು ತಲೆ ಎತ್ತದೆ ಹೇಳಿದರು: “ಸಿಸ್ಟಮ್ ಕಟ್ ಮಾಡಿದೆ ಮೇಡಂ, ನಮ್ಮ ಕೈಯಲ್ಲಿ ಏನೂ ಇಲ್ಲ.”

ಈ ಮಾತನ್ನು ಕೇಳಿಕೊಂಡು ವಾಪಸ್ ಬರಬೇಡಿ. ಸಿಸ್ಟಮ್‌ಗೂ ನಿಯಮ ಇದೆ.

ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಸುತ್ತೋಲೆ ಹೊರಡಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿ ಮಾಡಿಕೊಳ್ಳಲು ಒಂದು ತಿಂಗಳು ಬಿಡಬೇಕು. ಎಷ್ಟು ಕಡಿಮೆ ಇದೆಯೋ ಅದರ ಮೇಲೆ ಮಾತ್ರ ಶೇಕಡಾವಾರು ದಂಡ. ಎಲ್ಲಕ್ಕಿಂತ ಮುಖ್ಯ, ಮಿನಿಮಮ್ ಬ್ಯಾಲೆನ್ಸ್ ದಂಡದಿಂದಲೇ ಖಾತೆ ಮೈನಸ್ ಆಗುವಂತಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಅಲ್ವಾ? ಯಾವ ದಿನ, ಯಾವ ನಂಬರಿಗೆ ನೋಟಿಸ್ ಕಳಿಸಿದಿರಿ ಅಂತ ನಾನು ಬರವಣಿಗೆಯಲ್ಲಿ ಕೇಳಿದೆ. ಸರಿಯಾದ ಉತ್ತರ ಅವರ ಹತ್ತಿರ ಇರಲಿಲ್ಲ.

ಕಂತು ಬೌನ್ಸ್ ಆದದ್ದಕ್ಕೆ ಹಾಕುವ ದಂಡದ ಕಥೆ ಬೇರೆ. ಮೇಲಿನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಸಾಲ ಕೊಟ್ಟ ಫೈನಾನ್ಸ್ ಕಂಪನಿಯವರು ಒಂದೇ ಕಂತನ್ನು ಕಡಿಯಲು ಮತ್ತೆ ಮತ್ತೆ ಬ್ಯಾಂಕಿಗೆ ಕೋರಿಕೆ ಕಳಿಸುತ್ತಾರೆ. ಪ್ರತಿ ಸಲ ಬ್ಯಾಂಕ್ ಒಂದು ದಂಡ, ಅವರು ಒಂದು ದಂಡ. ಕಂತು ಕಟ್ಟಲು ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಆ ಕಂಪನಿಗೆ ಬರೆದುಕೊಡಿ, ಮತ್ತೆ ಮತ್ತೆ ಕಳಿಸಬೇಡಿ ಅಂತ ಕೇಳಿ. ಕಂತು ತಪ್ಪಿದ್ದಕ್ಕೆ ಅವರು ಹಾಕುವ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಅದು ಸ್ಪಷ್ಟವಾಗಿದೆ. ಸಾಲ ಮಾತ್ರ ಹಾಗೇ ಇರುತ್ತದೆ, ತೀರಿಸಲೇಬೇಕು.

ಹಾಗಾಗಿ ಬ್ಯಾಂಕಿಗೆ ಕೊಡುವ ಅರ್ಜಿಯಲ್ಲಿ ಎರಡು ವಿಷಯ ಬೇರೆ ಬೇರೆ ಬರೆಯಿರಿ. ನಿಯಮ ಮೀರಿ ಕಡಿದ ದುಡ್ಡು ವಾಪಸ್ ಪಡೆಯುವುದು ನಮ್ಮ ಹಕ್ಕು, ಅದನ್ನು ಕೊಡಿ ಅಂತ ಒಂದು. ಕಷ್ಟದಲ್ಲಿದ್ದೇವೆ, ಉಳಿದದ್ದನ್ನೂ ಮನ್ನಾ ಮಾಡಿ ಅಂತ ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ ಎಲ್ಲವೂ ಅವರ ಕರುಣೆಗೆ ಬಿಟ್ಟಂತಾಗುತ್ತದೆ. ನಾನು ಪ್ರತಿ ಕಡಿತದ ತಾರೀಕು, ಮೊತ್ತ ಬರೆದು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದೆ. ನನ್ನ ಪ್ರತಿಗೆ ಸೀಲ್ ಮತ್ತು ತಾರೀಕು ಹಾಕಿಸಿಕೊಂಡೆ. ಸೀಲ್ ಹಾಕಲು ಮೊದಲು ಒಪ್ಪಲಿಲ್ಲ. ನಿಂತೇ ಇದ್ದೆ, ಹಾಕಿದರು. ಮಡಿಕೇರಿಯವರು ಶುಕ್ರವಾರ ಸಂತೆ ದಿನ ಹೋಗಬೇಡಿ, ಯಾರಿಗೂ ನಿಮ್ಮ ಮಾತು ಕೇಳಲು ಪುರುಸೊತ್ತು ಇರುವುದಿಲ್ಲ.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ದೂರು ಕೊಡಬಹುದು. ಒಂದು ರೂಪಾಯಿ ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಿ ಮಾಹಿತಿ ಪಡೆಯಬಹುದು. ಅಲ್ಲಿ ಬರೀ ಕಷ್ಟ ಹೇಳಿಕೊಂಡರೆ ಅದು ಬ್ಯಾಂಕಿನ ವ್ಯವಹಾರದ ತೀರ್ಮಾನ ಅಂತ ದೂರು ಬಿದ್ದುಹೋಗುತ್ತದೆ. ಯಾವ ನಿಯಮ ಮುರಿದಿದ್ದಾರೆ ಅಂತ ಬರೆಯಿರಿ. ನಾನು ಅಲ್ಲಿಗೆ ಹೋಗುತ್ತೇನೆ ಅಂತ ಎರಡನೇ ಪತ್ರದಲ್ಲಿ ಬರೆದ ಮೇಲೆ ಮಿನಿಮಮ್ ಬ್ಯಾಲೆನ್ಸ್ ದಂಡ ಜಿಎಸ್‌ಟಿ ಸಮೇತ ವಾಪಸ್ ಬಂತು. ಬೌನ್ಸ್ ದಂಡದಲ್ಲಿ ಒಂದನ್ನು ಮಾತ್ರ ಮನ್ನಾ ಮಾಡಿದರು. ಮೊದಲೇ ಕೊಡಬಹುದಾಗಿದ್ದ ದುಡ್ಡಿಗೆ ಒಬ್ಬ ರೋಗಿಯನ್ನು ಮನೆಯಲ್ಲಿ ಬಿಟ್ಟು ಅಲೆಯುವಂತೆ ಮಾಡಿದ್ದು ನನಗೆ ಇವತ್ತಿಗೂ ಸಿಟ್ಟು.

ಇನ್ನು ಸರ್ಕಾರದ ದುಡ್ಡು ಎಲ್ಲಿಗೆ ಬೀಳುತ್ತದೆ ಅನ್ನುವುದು. ಗೃಹಲಕ್ಷ್ಮಿಯಂಥ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎಷ್ಟೇ ಖಾತೆ ಇದ್ದರೂ ಆ ಜೋಡಣೆ ಒಂದು ಸಲಕ್ಕೆ ಒಂದೇ ಖಾತೆಗೆ. ಕೆಲಸಕ್ಕೆ ಸೇರುವಾಗ ಸಂಬಳದ ಖಾತೆಗೆ ಜೋಡಿಸಿದ್ದರೆ ಈಗಲೂ ಅಲ್ಲಿಗೇ ಹೋಗುತ್ತಿರಬಹುದು. ಮೈಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿ, ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಗೊತ್ತಾಗುತ್ತದೆ. ಬದಲಾಯಿಸಬೇಕಾದರೆ ನಿಮಗೆ ಬೇಕಾದ ಬ್ಯಾಂಕಿನಲ್ಲಿ ಫಾರಂ ಕೊಡಿ. ಜನಧನ್ ಅಥವಾ ಬೇಸಿಕ್ ಉಳಿತಾಯ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಅನ್ನುವುದೇ ಇಲ್ಲ, ತಿಂಗಳಿಗೆ ನಾಲ್ಕು ಸಲ ದುಡ್ಡು ತೆಗೆಯುವುದು ಉಚಿತ. ಇರುವ ಖಾತೆಯನ್ನೇ ಬೇಸಿಕ್ ಮಾಡಿಕೊಡಿ ಅಂತಲೂ ಬರೆದುಕೊಡಬಹುದು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಬಾರದು, ಅಷ್ಟೇ.

ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂದೆ ಇರುವ ನಂಬರಿಗೆ ಮಾತ್ರ ಕರೆ ಮಾಡಿ. ದಂಡ ವಾಪಸ್ ಕೊಡಿಸುತ್ತೇವೆ, ಒಟಿಪಿ ಹೇಳಿ ಅಂತ ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗೇ ಹೋಯಿತು ಅಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.