ಕಡ್ಡಾಯದ ಇಎಲ್‌ಟಿ ಇದ್ದರೂ ಜೇಬಿನಲ್ಲೊಂದು ಪಿಎಲ್‌ಬಿ ಇರಲಿ

ಅಮೆರಿಕದ ಹೆಚ್ಚಿನ ಸಣ್ಣ ವಿಮಾನಗಳಲ್ಲಿ ಅಪಾಯದ ಸಂಕೇತ ಕಳಿಸುವ ಇಎಲ್‌ಟಿ (ವಿಮಾನಕ್ಕೇ ಜೋಡಿಸಿದ ತುರ್ತು ಪ್ರಸಾರಕ) ಕಡ್ಡಾಯ. ಹಳೆಯ 121.5 ಮೆಗಾಹರ್ಟ್ಸ್ ಪೆಟ್ಟಿಗೆಯಿದ್ದರೂ ಕಾನೂನಿಗೆ ಸಾಕು. ಆದರೆ ಉಪಗ್ರಹಗಳು ಆ ಸಂಕೇತಕ್ಕೆ ಕಿವಿಗೊಡುವುದನ್ನು 2009ರ ಫೆಬ್ರವರಿ 1ರಂದೇ ನಿಲ್ಲಿಸಿವೆ. ಅದಕ್ಕೇ ಎಸಿಆರ್ ಕಂಪನಿಯ ರೆಸ್‌ಕ್ಯೂಲಿಂಕ್ 400ರಂಥ ಪಿಎಲ್‌ಬಿ (ಜೇಬಿನಲ್ಲಿ ಒಯ್ಯುವ ವೈಯಕ್ತಿಕ ತುರ್ತು ಪ್ರಸಾರಕ) ಕೊಳ್ಳಿ ಎನ್ನುತ್ತೇವೆ, ಯಾರೂ ಒತ್ತಾಯಿಸದಿದ್ದರೂ. ಉಪಗ್ರಹಗಳು ಈಗ ಆಲಿಸುವ 406 ಮೆಗಾಹರ್ಟ್ಸ್, ಒಳಗೇ ಜಿಪಿಎಸ್, ಕನಿಷ್ಠ 24 ಗಂಟೆ ಪ್ರಸಾರ, ಚಂದಾ ಇಲ್ಲ.

ದೊಡ್ಡ ಕೊರತೆ: ವಿಮಾನ ಅಪ್ಪಳಿಸಿದರೆ ಇದು ತಾನಾಗಿ ಚಾಲೂ ಆಗದು. ಆಂಟೆನಾ ಬಿಡಿಸಿ, ಗುಂಡಿ ಒತ್ತಿ, ಬಯಲಿನಲ್ಲಿ ಆಕಾಶಕ್ಕೆ ಹಿಡಿಯಬೇಕು. ಬೆರಳು ಜಿಪಿಎಸ್ ಭಾಗವನ್ನು ಮುಚ್ಚಿದರೆ ನೆಲೆ ಸಿಗುವುದು ಕಷ್ಟ. ಬ್ಯಾಗಿನಲ್ಲಿ ಬೇಡ, ಮೈಮೇಲಿನ ಜೇಬಿನಲ್ಲೇ ಇಡಿ. ಉರಿಯುವ ವಿಮಾನದಿಂದ ಬ್ಯಾಗ್ ತರಲಾಗದು. ಕೊಂಡ ದಿನವೇ ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋಆದಲ್ಲಿ (NOAA) ಉಚಿತವಾಗಿ ನೋಂದಾಯಿಸಿ.